ಹತ್ತಾರು ಜನ ಬಳಸುವ ಸರ್ವರ್‌ನಲ್ಲಿ ಮೇಲ್ ಅಲಿಯಾಸ್, ಫಾರ್ವರ್ಡ್: ಯಾವುದನ್ನು ಎಲ್ಲಿ ಇಡಬೇಕು?

ನೀಲಿಪರದೆ

ಎಲ್ಲರಿಗೂ ನಮಸ್ಕಾರ. ಒಂದು ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಸುಮಾರು ನಲವತ್ತು ಜನರ ಅಕೌಂಟ್ ಇವೆ. ಎಲ್ಲರೂ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗುತ್ತಾರೆ, ಅವರ ಮೇಲ್ ಕೂಡ ಅದೇ ಮೆಷಿನ್‌ಗೆ ಬರುತ್ತದೆ. ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್.

ಬೇಕಾಗಿರುವುದು ಇಷ್ಟು. ರೂಟ್‌ಗೆ, ಅಂದರೆ ಅಡ್ಮಿನ್ ಅಕೌಂಟ್‌ಗೆ, ಬರುವ ಮೇಲ್ ನಾನು ಮತ್ತು ಇನ್ನೊಬ್ಬರು ಓದಬೇಕು. "ಹೆಲ್ಪ್" ಅಂತ ಒಂದು ವಿಳಾಸ ಇರಬೇಕು, ಅದು ಮೂರು ಜನಕ್ಕೆ ಹೋಗಬೇಕು. ಕೆಲವರಿಗೆ ಇಲ್ಲಿಯ ಮೇಲ್ ತಮ್ಮ ಹೊರಗಿನ ವಿಳಾಸಕ್ಕೆ ಹೋಗಬೇಕಂತೆ. ಇಬ್ಬರು ಕೆಲಸ ಬಿಟ್ಟು ಹೋಗಿದ್ದಾರೆ, ಅವರ ಹೆಸರಿಗೆ ಇನ್ನೂ ಮೇಲ್ ಬರುತ್ತಲೇ ಇದೆ.

ಇಷ್ಟನ್ನೂ ಅಲಿಯಾಸಸ್ ಫೈಲ್‌ಗೇ (ಯಾವ ಹೆಸರಿಗೆ ಬಂದ ಮೇಲ್ ಯಾರಿಗೆ ಹೋಗಬೇಕು ಅನ್ನುವ ಪಟ್ಟಿ) ತುರುಕಬಹುದು ಅನ್ನಿಸುತ್ತದೆ. ಆದರೆ ಡಾಟ್ ಫಾರ್ವರ್ಡ್ ಫೈಲ್ ಅಂತಲೂ ಒಂದಿದೆ, ವರ್ಚುವಲ್ ಅಲಿಯಾಸ್ ಅಂತಲೂ ಇದೆ. ಯಾವುದಕ್ಕೆ ಯಾವುದು? ಹೇಗೆ ತೀರ್ಮಾನ ಮಾಡುತ್ತೀರಿ?

ಹಳೇಟರ್ಮಿನಲ್

ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ವಿಳಾಸ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಯಾರು ನಿರ್ಧರಿಸಬೇಕು? ಕೆಲಸದ ಹೆಸರಿನ ವಿಳಾಸ ಆದರೆ ಅಡ್ಮಿನ್ ನಿರ್ಧರಿಸಬೇಕು, ಅದು ಅಲಿಯಾಸಸ್ ಫೈಲ್‌ಗೆ. ಒಬ್ಬ ಬಳಕೆದಾರರ ಸ್ವಂತ ಮೇಲ್ ಆದರೆ ಅವರೇ ನಿರ್ಧರಿಸಬೇಕು, ಅದು ಅವರ ಹೋಮ್ ಡೈರೆಕ್ಟರಿಯ ಡಾಟ್ ಫಾರ್ವರ್ಡ್ ಫೈಲ್‌ಗೆ. ಎಲ್ಲರ ಸ್ವಂತ ಫಾರ್ವರ್ಡ್‌ಗಳನ್ನೂ ಅಲಿಯಾಸಸ್ ಫೈಲ್‌ನಲ್ಲಿ ಬರೆದರೆ ಏನಾಗುತ್ತದೆ ಗೊತ್ತಾ? ಯಾರೋ ತಮ್ಮ ವಿಳಾಸ ಬದಲಿಸಿದಾಗಲೆಲ್ಲ ನಿಮ್ಮ ಬಾಗಿಲು ತಟ್ಟುತ್ತಾರೆ. ಇನ್ನೊಂದು ವಿಷಯ. ಅಲಿಯಾಸಸ್ ಫೈಲ್ ಮೊದಲು, ಡಾಟ್ ಫಾರ್ವರ್ಡ್ ಆಮೇಲೆ. ಅಲಿಯಾಸ್ ಬೇರೆ ಕಡೆ ಕಳಿಸಿಬಿಟ್ಟರೆ ಬಳಕೆದಾರರು ಏನು ಬರೆದುಕೊಂಡರೂ ಅದನ್ನು ಯಾರೂ ನೋಡುವುದೇ ಇಲ್ಲ.

ಉದಾಹರಣೆಗೆ ಬಳಕೆದಾರರಿಗೆ ಹಕ್ಕಿಗಳ ಹೆಸರು ಇಟ್ಟುಕೊಳ್ಳೋಣ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಪೋಸ್ಟ್‌ಮಾಸ್ಟರ್: ರೂಟ್
ಅಬ್ಯೂಸ್: ರೂಟ್
ರೂಟ್: ಗಿಳಿ, ನವಿಲು
ಹೆಲ್ಪ್: ಗಿಳಿ, ಗುಬ್ಬಿ, ಕೋಗಿಲೆ

ಎಡಗಡೆ ಬರೀ ಹೆಸರು, ಡೊಮೇನ್ ಬೇಡ. ಆಮೇಲೆ ಕೋಲನ್. ಬಲಗಡೆ ಸ್ಥಳೀಯ ಬಳಕೆದಾರರು, ಇನ್ನೊಂದು ಅಲಿಯಾಸ್, ಹೊರಗಿನ ಪೂರ್ತಿ ವಿಳಾಸ, ಏನು ಬೇಕಾದರೂ ಬರಬಹುದು, ನಡುವೆ ಕಾಮಾ ಇದ್ದರೆ ಸಾಕು. ಪಟ್ಟಿ ಉದ್ದವಾದರೆ ಮುಂದಿನ ಸಾಲನ್ನು ಸ್ಪೇಸ್‌ನಿಂದ ಶುರು ಮಾಡಿ, ಅದು ಹಿಂದಿನ ಸಾಲಿನ ಮುಂದುವರಿಕೆ ಆಗುತ್ತದೆ. ಇದೇ ಕಾರಣಕ್ಕೆ ಹೊಸ ಅಲಿಯಾಸ್‌ನ ಮುಂದೆ ಅಪ್ಪಿತಪ್ಪಿ ಒಂದು ಸ್ಪೇಸ್ ಬಿದ್ದರೆ ಅದು ಮೇಲಿನ ಸಾಲಿಗೆ ಅಂಟಿಕೊಳ್ಳುತ್ತದೆ. ಫೈಲ್ ನೋಡಲು ಸರಿಯಾಗೇ ಕಾಣುತ್ತದೆ, ಕೆಲಸ ಮಾತ್ರ ಆಗುವುದಿಲ್ಲ.

ಪೋಸ್ಟ್‌ಮಾಸ್ಟರ್ ಸಾಲು ಇರಲೇಬೇಕು. ಸರ್ವರ್‌ಗಳು ಮೇಲ್ ರವಾನಿಸುವ ಎಸ್‌ಎಂಟಿಪಿಯ ನಿಯಮ ಹೇಳುವ 2008ರ ಆರ್‌ಎಫ್‌ಸಿ 5321 (ಇಂಟರ್ನೆಟ್ ನಿಯಮಗಳ ದಾಖಲೆಗಳಲ್ಲಿ ಒಂದು) ಅದನ್ನು ಕಡ್ಡಾಯ ಮಾಡಿದೆ. ಅಬ್ಯೂಸ್, ವೆಬ್‌ಮಾಸ್ಟರ್, ಹೋಸ್ಟ್‌ಮಾಸ್ಟರ್ ಮುಂತಾದ ಹೆಸರುಗಳು 1997ರ ಆರ್‌ಎಫ್‌ಸಿ 2142ರಲ್ಲಿ ಇವೆ. ನಿಮ್ಮ ಮೆಷಿನ್‌ನಿಂದ ಸ್ಪ್ಯಾಮ್ ಹೊರಟರೆ ಹೊರಗಿನವರು ಮೊದಲು ಬರೆಯುವುದು ಅಬ್ಯೂಸ್ ವಿಳಾಸಕ್ಕೆ. ಅದನ್ನು ಯಾರೂ ಓದದಿದ್ದರೆ ಮುಂದಿನ ಸುದ್ದಿ ಬ್ಲಾಕ್‌ಲಿಸ್ಟ್‌ನಿಂದಲೇ ಬರುತ್ತದೆ.

ಫೈಲ್ ಸೇವ್ ಮಾಡಿದ ಮೇಲೆ ನ್ಯೂಅಲಿಯಾಸಸ್ ಕಮಾಂಡ್ ಓಡಿಸಿ. ಪೋಸ್ಟ್‌ಫಿಕ್ಸ್ ಓದುವುದು ನೀವು ಬರೆದ ಫೈಲನ್ನಲ್ಲ, ಅದರಿಂದ ಮಾಡಿದ ಇಂಡೆಕ್ಸ್ ಫೈಲನ್ನು. ಸರ್ವರ್ ರೀಸ್ಟಾರ್ಟ್ ಬೇಕಿಲ್ಲ.

ಅಂಕುಡೊಂಕು

ಸಣ್ಣ ಸೇರ್ಪಡೆ. ಎಕ್ಸಿಮ್ (ಇನ್ನೊಂದು ಮೇಲ್ ಸರ್ವರ್) ಬಳಸುವವರು ಈ ಚರ್ಚೆ ಓದುತ್ತಿದ್ದರೆ: ಡೆಬಿಯನ್‌ನ ಎಕ್ಸಿಮ್ ಸಾಮಾನ್ಯವಾಗಿ ಅಲಿಯಾಸಸ್ ಫೈಲನ್ನು ನೇರವಾಗಿ ಓದುತ್ತದೆ. ಸೇವ್ ಮಾಡಿದ ತಕ್ಷಣ ಜಾರಿ. ಅಲ್ಲಿ ನ್ಯೂಅಲಿಯಾಸಸ್ ಅನ್ನುವ ಕಮಾಂಡ್ ಇದ್ದರೂ ಏನೂ ಮಾಡುವುದಿಲ್ಲ, ಸುಮ್ನೆ ವಾಪಸ್ ಬರುತ್ತದೆ. ಹಾಗಾಗಿ ಎಕ್ಸಿಮ್‌ನಲ್ಲಿ ಫೈಲ್ ಅರ್ಧ ತಿದ್ದಿ ಸೇವ್ ಮಾಡುವ ಚಟ ಬೇಡ. ಆ ಅರ್ಧವೂ ಜಾರಿಗೆ ಬರುತ್ತದೆ.

ನೀಲಿಪರದೆ

ಧನ್ಯವಾದ ಹಳೇಟರ್ಮಿನಲ್ ಅವರೇ. "ಯಾರು ನಿರ್ಧರಿಸಬೇಕು" ಅನ್ನುವ ಪ್ರಶ್ನೆಯಿಂದಲೇ ಅರ್ಧ ಗೊಂದಲ ಹೋಯಿತು. ರೂಟ್, ಹೆಲ್ಪ್ ಎರಡೂ ಕೆಲಸ ಮಾಡುತ್ತಿವೆ.

ಈಗ ಹೊಸ ಪ್ರಶ್ನೆ. ಹಿಂದಿನವರು ಬಿಟ್ಟುಹೋದ ಫೈಲ್‌ನಲ್ಲಿ ಕೆಲವು ವಿಚಿತ್ರ ಸಾಲುಗಳಿವೆ. ಒಂದರ ಹೆಸರು ಡಿಕೋಡ್. ಬಲಗಡೆ ಪೈಪ್ ಚಿಹ್ನೆ (ಮೇಲನ್ನು ಪ್ರೋಗ್ರಾಂಗೆ ಕೊಡುವ ಗುರುತು), ಆಮೇಲೆ ಯುಯುಡಿಕೋಡ್ ಅಂತ ಇದೆ. ಇನ್ನೊಂದು ಸಾಲು ಮೇಲನ್ನು ಒಂದು ಸ್ಕ್ರಿಪ್ಟ್‌ಗೆ ಕೊಡುತ್ತದೆ. ಮತ್ತೊಂದು ಲಾಗ್ ಫೈಲ್‌ಗೆ ಬರೆಯುತ್ತದೆ. ಇವನ್ನು ಅಳಿಸಲೇ, ಬಿಡಲೇ?

ಹಳೇಟರ್ಮಿನಲ್

ಡಿಕೋಡ್ ಸಾಲನ್ನು ಇವತ್ತೇ ತೆಗೆಯಿರಿ. ಅದೊಂದು ಪಳೆಯುಳಿಕೆ. ಅಟ್ಯಾಚ್‌ಮೆಂಟ್ ಇಲ್ಲದ ಕಾಲದಲ್ಲಿ ಫೈಲ್‌ಗಳನ್ನು ಅಕ್ಷರಗಳಾಗಿ ಬದಲಿಸಿ ಮೇಲ್‌ನಲ್ಲಿ ಕಳಿಸುತ್ತಿದ್ದರು. ಈ ಅಲಿಯಾಸ್ ಅದನ್ನು ಮತ್ತೆ ಫೈಲ್ ಮಾಡಿ ಡಿಸ್ಕ್‌ಗೆ ಬರೆಯುತ್ತಿತ್ತು. ಯಾವ ಜಾಗಕ್ಕೆ ಬರೆಯಬೇಕು ಅನ್ನುವುದು ಮೇಲ್ ಒಳಗೇ ಇರುತ್ತಿತ್ತು! ಅಂದರೆ ಎಲ್ಲೋ ಕುಳಿತ ಅಪರಿಚಿತರು ನಿಮ್ಮ ಮೆಷಿನ್‌ನಲ್ಲಿ ಫೈಲ್ ಬರೆಯಬಹುದಿತ್ತು. ಅದು ಹಳೆಯ ಕಾಲದ ಪ್ರಸಿದ್ಧ ತೂತು.

ಮೇಲ್‌ನಿಂದ ಪ್ರೋಗ್ರಾಂ ಓಡಿಸುವುದು ಯಾವತ್ತೂ ಹುಷಾರಾಗಿ ಮಾಡಬೇಕಾದ ಕೆಲಸ. 1988ರ ನವೆಂಬರ್‌ನಲ್ಲಿ ಹರಡಿದ ಮಾರಿಸ್ ವರ್ಮ್ (ತಾನಾಗಿ ಹರಡುವ ಪ್ರೋಗ್ರಾಂ) ಬಳಸಿದ ದಾರಿಗಳಲ್ಲಿ ಒಂದು ಸೆಂಡ್‌ಮೇಲ್ ಅನ್ನುವ ಹಳೆಯ ಮೇಲ್ ಸರ್ವರ್‌ನ ಡೀಬಗ್ ಸೌಲಭ್ಯ. ಅದು ತೆರೆದಿದ್ದರೆ, ಸ್ವೀಕರಿಸುವವರ ವಿಳಾಸದ ಜಾಗದಲ್ಲಿ ಕಮಾಂಡನ್ನೇ ಕೊಡಬಹುದಿತ್ತು. ಆಮೇಲೆ ಸೆಂಡ್‌ಮೇಲ್‌ಗೆ ಎಸ್‌ಎಂಆರ್‌ಎಸ್‌ಎಚ್ ಅನ್ನುವ ಕಟ್ಟುನಿಟ್ಟಿನ ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಬಂತು. ಒಂದು ನಿಗದಿತ ಡೈರೆಕ್ಟರಿಯಲ್ಲಿ ಅಡ್ಮಿನ್ ಇಟ್ಟ ಪ್ರೋಗ್ರಾಂ ಮಾತ್ರ ಅದರಲ್ಲಿ ಓಡುತ್ತದೆ.

ಸ್ಕ್ರಿಪ್ಟ್ ಸಾಲು ಯಾಕಿದೆ ಅಂತ ಮೊದಲು ತಿಳಿದುಕೊಳ್ಳಿ, ಟಿಕೆಟ್ ವ್ಯವಸ್ಥೆಯೋ ಮೇಲಿಂಗ್ ಲಿಸ್ಟೋ ಅದರ ಮೇಲೆ ನಿಂತಿರಬಹುದು. ಇಟ್ಟುಕೊಳ್ಳುವುದಾದರೆ ಅದು ಯಾರ ಹೆಸರಿನಲ್ಲಿ ಓಡುತ್ತದೆ ಅನ್ನುವುದು ಗೊತ್ತಿರಲಿ. ಪೋಸ್ಟ್‌ಫಿಕ್ಸ್‌ನಲ್ಲಿ ಇದರ ನಿಯಮ ಚಂದ ಇದೆ. ಅಲಿಯಾಸಸ್ ಫೈಲ್‌ನ ಒಡೆಯ ರೂಟ್ ಆಗಿದ್ದರೆ, ಸ್ಕ್ರಿಪ್ಟ್ ರೂಟ್ ಆಗಿ ಓಡುವುದಿಲ್ಲ, ನೋಬಡಿ ಅನ್ನುವ ಯಾವ ಅಧಿಕಾರವೂ ಇಲ್ಲದ ಬಳಕೆದಾರನಾಗಿ ಓಡುತ್ತದೆ. ಫೈಲ್ ಬೇರೆಯವರದ್ದಾದರೆ ಅವರ ಹೆಸರಿನಲ್ಲಿ ಓಡುತ್ತದೆ. ಹಾಗಾಗಿ ಟಿಕೆಟ್ ಸ್ಕ್ರಿಪ್ಟ್‌ಗೆ ಒಂದು ಪ್ರತ್ಯೇಕ ಅಕೌಂಟ್ ಮಾಡಿ, ಆ ಅಕೌಂಟ್ ಒಡೆತನದ ಎರಡನೇ ಅಲಿಯಾಸಸ್ ಫೈಲ್ ಇಟ್ಟು, ಅದನ್ನು ಪೋಸ್ಟ್‌ಫಿಕ್ಸ್‌ನ ಅಲಿಯಾಸ್ ಮ್ಯಾಪ್ಸ್, ಅಲಿಯಾಸ್ ಡೇಟಾಬೇಸ್ ಎರಡೂ ಸೆಟ್ಟಿಂಗ್‌ಗೆ ಸೇರಿಸಿ. ಮೊದಲನೆಯದು ಓದುವುದಕ್ಕೆ. ಎರಡನೆಯದು ನ್ಯೂಅಲಿಯಾಸಸ್‌ಗೆ ಯಾವ ಯಾವ ಫೈಲ್ ಇಂಡೆಕ್ಸ್ ಮಾಡಬೇಕು ಅಂತ ಹೇಳುವುದಕ್ಕೆ.

ಲಾಗ್ ಫೈಲ್‌ಗೆ ಬರೆಯುವ ಸಾಲಿಗೂ ಇದೇ ನಿಯಮ. ನೋಬಡಿಗೆ ಆ ಫೈಲ್ ಬರೆಯಲು ಅನುಮತಿ ಇಲ್ಲದಿದ್ದರೆ ಮೇಲ್ ಬೌನ್ಸ್ ಆಗುತ್ತದೆ, ಅಂದರೆ ತಲುಪಲಿಲ್ಲ ಅಂತ ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಹೆಚ್ಚಿನಂಶ ಅದು ವರ್ಷಗಟ್ಟಲೆಯಿಂದ ಸತ್ತೇ ಬಿದ್ದಿದೆ.

ಮೂರನೇಸಾಲು

ನಾನು ಅಡ್ಮಿನ್ ಅಲ್ಲ, ಇಂಥ ಸರ್ವರ್‌ನಲ್ಲಿ ಬರೀ ಬಳಕೆದಾರ. ಡಾಟ್ ಫಾರ್ವರ್ಡ್ ಬಗ್ಗೆ ನಮ್ಮ ಕಡೆಯಿಂದ ನಾಲ್ಕು ಮಾತು.

ಹೋಮ್ ಡೈರೆಕ್ಟರಿಯಲ್ಲಿ ಡಾಟ್‌ನಿಂದ ಶುರುವಾಗುವ ಫಾರ್ವರ್ಡ್ ಅನ್ನುವ ಫೈಲ್ ಮಾಡಿ, ಒಳಗೆ ಒಂದು ವಿಳಾಸ ಬರೆದರೆ ಆಯಿತು. ಆದರೆ ಹಾಗೆ ಬರೆದ ಕ್ಷಣದಿಂದ ಇಲ್ಲಿ ಪ್ರತಿ ಉಳಿಯುವುದಿಲ್ಲ. ಎಲ್ಲವೂ ಹೊರಗೆ. ಇಲ್ಲಿಯೂ ಒಂದು ಪ್ರತಿ ಬೇಕಿದ್ದರೆ ಹೀಗೆ ಬರೆಯಬೇಕು:

\ಗುಬ್ಬಿ, ಹೊರಗಿನ ವಿಳಾಸ

ಆ ಬ್ಯಾಕ್‌ಸ್ಲ್ಯಾಶ್‌ಗೆ "ಈ ಹೆಸರನ್ನು ಮತ್ತೆ ಹುಡುಕಿಕೊಂಡು ಹೋಗಬೇಡ, ನೇರವಾಗಿ ಪೆಟ್ಟಿಗೆಗೆ ಹಾಕು" ಅಂತ ಅರ್ಥ. ಹೊಸದಾಗಿ ಫಾರ್ವರ್ಡ್ ಹಾಕುವವರಿಗೆಲ್ಲ ಮೊದಲ ಒಂದು ವಾರ ಹೀಗೆ ಎರಡೂ ಕಡೆ ಇಡಿ ಅನ್ನುತ್ತೇನೆ. ಹೊರಗಿನ ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದ್ದರೂ ಮೇಲ್ ಕಳೆಯುವುದಿಲ್ಲ.

ಇನ್ನು ಪರ್ಮಿಷನ್. ಆ ಫೈಲ್ ನಿಮ್ಮದೇ ಆಗಿರಬೇಕು, ಬೇರೆಯವರಿಗೆ ಬರೆಯುವ ಅನುಮತಿ ಇರಬಾರದು. 600 (ಓದುವುದು, ಬರೆಯುವುದು ನೀವು ಮಾತ್ರ) ಅಥವಾ 644 (ಉಳಿದವರು ಓದಬಹುದು ಅಷ್ಟೇ) ಇಟ್ಟರೆ ಸರಿ. ಸೆಂಡ್‌ಮೇಲ್ ಇದರಲ್ಲಿ ತುಂಬ ಕಟ್ಟುನಿಟ್ಟು. ಗ್ರೂಪ್‌ಗೆ ಬರೆಯುವ ಅನುಮತಿ ಇದ್ದರೂ ಸಾಕು, ಫೈಲನ್ನು ಮೂಸಿಯೂ ನೋಡುವುದಿಲ್ಲ. ಕೆಲವು ಡಿಸ್ಟ್ರಿಬ್ಯೂಷನ್‌ಗಳಲ್ಲಿ ಯುಮಾಸ್ಕ್ (ಹೊಸ ಫೈಲ್‌ನ ಅನುಮತಿ ನಿರ್ಧರಿಸುವ ಸೆಟ್ಟಿಂಗ್) 002 ಇರುತ್ತದೆ, ಹೊಸ ಫೈಲ್ ತಾನಾಗಿಯೇ 664, ಅಂದರೆ ಗ್ರೂಪ್ ಕೂಡ ಬರೆಯಬಹುದಾದದ್ದು, ಆಗುತ್ತದೆ. ಬಳಕೆದಾರರಿಗೆ ಯಾವ ಎರರ್ ಕೂಡ ಕಾಣಿಸುವುದಿಲ್ಲ, "ಫಾರ್ವರ್ಡ್ ಆಗ್ತಿಲ್ಲ" ಅಂತ ನಿಮ್ಮ ಹತ್ತಿರ ಬರುತ್ತಾರೆ. ಮೇಲ್ ಲಾಗ್‌ನಲ್ಲಿ ಮಾತ್ರ ಕಾರಣ ಬರೆದಿರುತ್ತದೆ.

ರಜೆಯ ಉತ್ತರಕ್ಕೂ ಇದೇ ಫೈಲ್. ಬ್ಯಾಕ್‌ಸ್ಲ್ಯಾಶ್ ಹಾಕಿದ ನಿಮ್ಮ ಹೆಸರು, ಕಾಮಾ, ಆಮೇಲೆ ಕೋಟ್ಸ್ ಒಳಗೆ ಪೈಪ್ ಚಿಹ್ನೆ ಮತ್ತು ವೆಕೇಷನ್ ಕಮಾಂಡ್. ಆ ಪ್ರೋಗ್ರಾಂ ಜಾಣ. ಒಬ್ಬರಿಗೆ ವಾರಕ್ಕೆ ಒಂದೇ ಸಲ ಉತ್ತರ ಕಳಿಸುತ್ತದೆ. ಮೇಲಿಂಗ್ ಲಿಸ್ಟ್‌ಗಳಿಗೆ ಉತ್ತರಿಸುವುದಿಲ್ಲ. "ಟು" ಅಥವಾ "ಸಿಸಿ" ಸಾಲಿನಲ್ಲಿ ನಿಮ್ಮ ಹೆಸರಿಲ್ಲದಿದ್ದರೂ ಉತ್ತರಿಸುವುದಿಲ್ಲ. ಹಾಗಾಗಿ ಹೆಲ್ಪ್ ವಿಳಾಸಕ್ಕೆ ಬರೆದವರಿಗೆ ಮೂರು ಜನರ ರಜೆ ಕಥೆ ಹೋಗುವುದಿಲ್ಲ. ನೀವೇ ಬರೆದ ನಾಲ್ಕು ಸಾಲಿನ ಸ್ಕ್ರಿಪ್ಟ್‌ಗೆ ಈ ಬುದ್ಧಿ ಇರುವುದಿಲ್ಲ, ದಯವಿಟ್ಟು ಬರೆಯಬೇಡಿ.

ನೀಲಿಪರದೆ

ಈ ಬ್ಯಾಕ್‌ಸ್ಲ್ಯಾಶ್ ವಿಷಯ ಎಲ್ಲರಿಗೂ ತಿಳಿಸುತ್ತೇನೆ, ಥ್ಯಾಂಕ್ಸ್.

ಆರೇಳು ಜನ ಡಾಟ್ ಫಾರ್ವರ್ಡ್ ಹಾಕಿಕೊಂಡರು. ನಾನು ಪರೀಕ್ಷೆಗೆ ಕಳಿಸಿದ ಮೇಲ್‌ಗಳೆಲ್ಲ ಹೋದವು. ಆದರೆ ಹೊರಗಿನಿಂದ ಬರುವ ನಿಜವಾದ ಮೇಲ್‌ಗಳಲ್ಲಿ ಕೆಲವು ಅವರ ಹೊರಗಿನ ಪೆಟ್ಟಿಗೆ ಸೇರುತ್ತಿಲ್ಲ. ಕೆಲವು ಸ್ಪ್ಯಾಮ್‌ಗೆ ಹೋಗುತ್ತಿವೆ. ಕೆಲವು ರಿಜೆಕ್ಟ್. ಇದಕ್ಕಿಂತ ಮುಜುಗರದ ಸಂಗತಿ: ರಿಜೆಕ್ಟ್ ಆದ ಮೇಲ್‌ನ ಬೌನ್ಸ್ ಮೂಲದಲ್ಲಿ ಬರೆದವರಿಗೇ ಹೋಗುತ್ತಿದೆ. ಅದರಲ್ಲಿ ಬಳಕೆದಾರರ ಖಾಸಗಿ ವಿಳಾಸ ಎದ್ದು ಕಾಣುತ್ತಿದೆ. ಯಾಕೆ ಹೀಗೆ?

ಅಂಚೆಹೊರೆ

ಇದೇ ಈ ಚರ್ಚೆಯ ನಿಜವಾದ ಗಂಟು. ಮೆಷಿನ್ ಒಳಗೆ ಅಲಿಯಾಸ್, ಫಾರ್ವರ್ಡ್ ಮಾಡುವುದು ನಲವತ್ತು ವರ್ಷದ ಹಳೆಯ ಸಲೀಸು ಕೆಲಸ. ಗಡಿ ದಾಟಿ ಹೊರಗೆ ಹೋದಾಗ ಕಥೆ ಬೇರೆ.

ಪ್ರತಿ ಮೇಲ್‌ಗೂ ಎರಡು "ಕಳುಹಿಸಿದವರು" ಇರುತ್ತಾರೆ. ಒಂದು, ಓದುವಾಗ ಕಾಣುವ ಫ್ರಮ್ ಸಾಲು. ಇನ್ನೊಂದು ಲಕೋಟೆಯ ವಿಳಾಸ, ಎರಡು ಸರ್ವರ್‌ಗಳ ಮಾತುಕತೆಯಲ್ಲಿ ಮಾತ್ರ ಬರುತ್ತದೆ. ಬೌನ್ಸ್ ಹೋಗುವುದು ಈ ಎರಡನೆಯದಕ್ಕೆ. ಫಾರ್ವರ್ಡ್ ಮಾಡುವಾಗ ನಿಮ್ಮ ಸರ್ವರ್ ಸ್ವೀಕರಿಸುವವರ ವಿಳಾಸ ಮಾತ್ರ ಬದಲಿಸುತ್ತದೆ. ಕಳುಹಿಸಿದವರ ಲಕೋಟೆ ವಿಳಾಸ ಮೊದಲಿನದ್ದೇ. ಬೌನ್ಸ್ ಮೂಲ ಲೇಖಕರಿಗೆ ಹೋಗುತ್ತಿರುವುದು ಅದಕ್ಕೇ. ನಿಯಮದ ಪ್ರಕಾರವೇ ಇದೆ, ನಿಮ್ಮ ಸೆಟ್ಟಿಂಗ್ ತಪ್ಪಲ್ಲ.

ಈಗ ಹೊರಗಿನ ಸರ್ವರ್ ಜಾಗದಲ್ಲಿ ನಿಂತು ನೋಡಿ. ಒಂದು ಬ್ಯಾಂಕಿನ ಡೊಮೇನ್‌ನಿಂದ ಅಂತ ಹೇಳಿಕೊಳ್ಳುವ ಮೇಲ್ ಬಂದಿದೆ, ತಂದುಕೊಟ್ಟಿರುವುದು ನಿಮ್ಮ ಸರ್ವರ್. ಆ ಡೊಮೇನ್‌ನ ಎಸ್‌ಪಿಎಫ್ ದಾಖಲೆಯಲ್ಲಿ (ಅದರ ಪರವಾಗಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ನಿಮ್ಮ ಐಪಿ ಇಲ್ಲ. ಅಂದರೆ ಎಸ್‌ಪಿಎಫ್ ಫೇಲ್. ನೀವು ಪರೀಕ್ಷಿಸಿದಾಗ ಹೋಯಿತು, ಯಾಕಂದರೆ ನಿಮ್ಮ ಡೊಮೇನ್‌ನಿಂದಲೇ ಕಳಿಸಿದಿರಿ ಅಲ್ವಾ? ಫಾರ್ವರ್ಡ್ ಪರೀಕ್ಷೆಯನ್ನು ಯಾವಾಗಲೂ ಮೂರನೇ ಡೊಮೇನ್‌ನಿಂದ ಮಾಡಬೇಕು.

ಡಿಕೆಐಎಂ ಸಹಿ ಇದ್ದರೆ ಬಚಾವ್. ಅದು ಮೇಲ್‌ನ ಒಳಗೇ ಇರುವ ಸಹಿ. ದಾರಿಯಲ್ಲಿ ಯಾರೂ ಪತ್ರವನ್ನು ತಿದ್ದದಿದ್ದರೆ ಎಷ್ಟು ಸರ್ವರ್ ದಾಟಿದರೂ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಫಾರ್ವರ್ಡ್ ಆಗುವ ಮೇಲ್‌ನ ವಿಷಯದ ಸಾಲಿಗೆ ಏನನ್ನೂ ಸೇರಿಸಬೇಡಿ, ಕೆಳಗೆ "ಇದು ಗೌಪ್ಯ" ಅನ್ನುವ ಉದ್ದದ ಟಿಪ್ಪಣಿ ಅಂಟಿಸಬೇಡಿ. ಸ್ಪ್ಯಾಮ್ ಫಿಲ್ಟರ್ ವಿಷಯದ ಸಾಲು ತಿದ್ದುತ್ತಿದ್ದರೆ ಅದನ್ನೂ ನಿಲ್ಲಿಸಿ. ತಿದ್ದಿದ ಕೂಡಲೇ ಸಹಿ ಮುರಿಯುತ್ತದೆ.

ಲಕೋಟೆ ವಿಳಾಸಕ್ಕೆ ಮದ್ದು ಎಸ್‌ಆರ್‌ಎಸ್. ಫಾರ್ವರ್ಡ್ ಮಾಡುವಾಗ ಲಕೋಟೆಯ ಕಳುಹಿಸಿದವರ ವಿಳಾಸವನ್ನು ನಿಮ್ಮ ಡೊಮೇನ್‌ಗೆ ಬದಲಿಸುತ್ತದೆ. ಮೂಲ ವಿಳಾಸ, ಒಂದು ಸಮಯದ ಗುರುತು, ಒಂದು ಹ್ಯಾಶ್, ಮೂರೂ ಹೊಸ ವಿಳಾಸದೊಳಗೇ ಇರುತ್ತವೆ. ಬೌನ್ಸ್ ಬಂದರೆ ನಿಮ್ಮ ಸರ್ವರ್‌ಗೆ ಬರುತ್ತದೆ, ಅದು ಬಿಡಿಸಿ ಮೂಲದವರಿಗೆ ಕಳಿಸುತ್ತದೆ. ಪೋಸ್ಟ್‌ಫಿಕ್ಸ್‌ಗೆ ಪೋಸ್ಟ್‌ಎಸ್‌ಆರ್‌ಎಸ್‌ಡಿ ಅನ್ನುವ ಪ್ರೋಗ್ರಾಂ ಇದೆ.

ಆದರೆ ಎಸ್‌ಆರ್‌ಎಸ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತ ಹಲವರು ಬರೆಯುತ್ತಾರೆ. ಹೋಗುವುದಿಲ್ಲ. ಡಿಮಾರ್ಕ್ (ಎಸ್‌ಪಿಎಫ್, ಡಿಕೆಐಎಂ ಎರಡೂ ಹೊಂದದ ಮೇಲನ್ನು ಏನು ಮಾಡಬೇಕು ಅಂತ ಡೊಮೇನ್‌ನವರು ಹೇಳುವ ನಿಯಮ) ನೋಡುವುದು ಫ್ರಮ್ ಸಾಲಿನ ಡೊಮೇನನ್ನು. ಎಸ್‌ಆರ್‌ಎಸ್ ನಂತರ ಎಸ್‌ಪಿಎಫ್ ಪಾಸ್ ಆಗುವುದು ನಿಮ್ಮ ಡೊಮೇನ್‌ಗೆ. ಎರಡೂ ಹೊಂದುವುದಿಲ್ಲ. ಮೂಲದವರು ಡಿಕೆಐಎಂ ಸಹಿ ಹಾಕಿರದೆ, ಡಿಮಾರ್ಕ್‌ನಲ್ಲಿ ರಿಜೆಕ್ಟ್ ಅಂದಿದ್ದರೆ, ಅಂಥ ಮೇಲನ್ನು ಫಾರ್ವರ್ಡ್ ಮಾಡಿ ದಾಟಿಸುವುದು ನಿಮ್ಮಿಂದ ಆಗದ ಕೆಲಸ. ನಡುವಿನ ಸರ್ವರ್ "ನನಗೆ ಬಂದಾಗ ಇದು ಸರಿಯಾಗಿತ್ತು" ಅಂತ ಸಾಕ್ಷಿ ಹೇಳಲು 2019ರಲ್ಲಿ ಆರ್‌ಎಫ್‌ಸಿ 8617 ಬಂತು, ಹೆಸರು ಎಆರ್‌ಸಿ. ಆ ಸಾಕ್ಷಿಯನ್ನು ನಂಬಬೇಕೋ ಬೇಡವೋ ಅನ್ನುವುದು ಎದುರಿನವರ ಇಷ್ಟ. ಸಣ್ಣ ಸರ್ವರ್‌ಗಳ ಮಾತಿಗೆ ಅಷ್ಟು ಬೆಲೆ ಸಿಗುವುದಿಲ್ಲ.

ಅಂಕುಡೊಂಕು

ಅದಕ್ಕೇ ನನ್ನ ನಿಲುವು: ಹೊರಗಿನ ಫಾರ್ವರ್ಡ್ ಪೂರ್ತಿ ನಿಷೇಧಿಸಿ. ಸ್ಪ್ಯಾಮ್ ವಿಷಯ ಯಾರೂ ಹೇಳಲಿಲ್ಲ. ಬಳಕೆದಾರರಿಗೆ ಬಂದ ಸ್ಪ್ಯಾಮ್ ಕೂಡ ಫಾರ್ವರ್ಡ್ ಆಗುತ್ತದೆ. ಎದುರಿನ ಸರ್ವರ್ ಕಣ್ಣಿಗೆ ಅದನ್ನು ಕಳಿಸಿದವರು ನೀವು. ಒಬ್ಬರು "ಸ್ಪ್ಯಾಮ್" ಬಟನ್ ಒತ್ತಿದರೆ ಕೆಟ್ಟ ಹೆಸರು ನಿಮ್ಮ ಐಪಿಗೆ, ಅದರ ಫಲ ನಲವತ್ತು ಜನಕ್ಕೂ. ಒಂದು ದೊಡ್ಡ ಮೇಲ್ ಸೇವೆ ನಾನು ನೋಡಿಕೊಳ್ಳುವ ಸರ್ವರ್ ಅನ್ನು ಇದೇ ಕಾರಣಕ್ಕೆ ತಡೆಹಿಡಿದಿತ್ತು. ಬಿಡಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು. ಮೇಲ್ ಬೇಕಿದ್ದವರು ಐಮ್ಯಾಪ್‌ನಲ್ಲಿ (ಸರ್ವರ್‌ನಲ್ಲಿರುವ ಪೆಟ್ಟಿಗೆಯನ್ನು ಮೇಲ್ ಆ್ಯಪ್‌ನಿಂದ ತೆರೆಯುವ ದಾರಿ) ಬಂದು ಓದಲಿ.

ಹಳೇಟರ್ಮಿನಲ್

ನಿಷೇಧಿಸಿದರೆ ನಿಲ್ಲುತ್ತದೆ ಅಂದುಕೊಂಡಿದ್ದೀರಾ? ಶೆಲ್ ಇರುವವರಿಗೆ ಕ್ರಾನ್ (ನಿಗದಿತ ಸಮಯಕ್ಕೆ ಕಮಾಂಡ್ ಓಡಿಸುವ ಸೌಲಭ್ಯ) ಇದೆ, ಸ್ಕ್ರಿಪ್ಟ್ ಇದೆ. ಅವರೇ ಏನೋ ಒಂದು ಮಾಡಿಕೊಳ್ಳುತ್ತಾರೆ, ಅದು ಡಾಟ್ ಫಾರ್ವರ್ಡ್‌ಗಿಂತ ಕೆಟ್ಟದಾಗಿರುತ್ತದೆ. ಕಣ್ಣಿಗೆ ಕಾಣುವ ಫಾರ್ವರ್ಡ್ ವಾಸಿ.

ಸ್ಪ್ಯಾಮ್ ಬಗ್ಗೆ ನೀವು ಹೇಳಿದ್ದು ಮಾತ್ರ ನೂರಕ್ಕೆ ನೂರು ನಿಜ. ಹಾಗಾಗಿ ಕ್ರಮ ಹೀಗಿರಲಿ: ಸ್ಪ್ಯಾಮ್ ತಪಾಸಣೆ ಬಾಗಿಲಲ್ಲೇ ಆಗಬೇಕು, ಎಸ್‌ಎಂಟಿಪಿ ಮಾತುಕತೆ ಮುಗಿಯುವ ಮುಂಚೆ. ಒಳಗೆ ತೆಗೆದುಕೊಂಡ ಮೇಲೆ ತಿರಸ್ಕರಿಸಿದರೆ ಬೌನ್ಸ್ ಹುಟ್ಟುತ್ತದೆ, ಅದು ಯಾರೋ ಅಮಾಯಕರಿಗೆ ಹೋಗುತ್ತದೆ. ಬಾಗಿಲಲ್ಲೇ ಬೇಡ ಅಂದದ್ದು ಫಾರ್ವರ್ಡ್ ಆಗುವ ಪ್ರಶ್ನೆಯೇ ಇಲ್ಲ.

ಅಂಕುಡೊಂಕು ಅವರ ಐಮ್ಯಾಪ್ ಮಾತನ್ನು ನಾನೂ ಮೊದಲು ಹೇಳುತ್ತೇನೆ, ಆದರೆ ಸಲಹೆಯಾಗಿ. ಫೋನಿನ ಮೇಲ್ ಆ್ಯಪ್‌ನಲ್ಲಿ ಎರಡು ಅಕೌಂಟ್ ಇಟ್ಟುಕೊಂಡರೆ ಎಸ್‌ಪಿಎಫ್ ಇಲ್ಲ, ಎಸ್‌ಆರ್‌ಎಸ್ ಇಲ್ಲ, ಬೌನ್ಸ್ ಇಲ್ಲ. ಫಾರ್ವರ್ಡ್ ಕೇಳುವವರಲ್ಲಿ ತುಂಬ ಜನಕ್ಕೆ ನಿಜವಾಗಿ ಬೇಕಿರುವುದು ಅಷ್ಟೇ.

ಹೆಲ್ಪ್, ರೂಟ್, ಅಬ್ಯೂಸ್ ಈ ಮೂರನ್ನು ಮಾತ್ರ ಹೊರಗೆ ಕಳಿಸಬೇಡಿ. ಅವು ಸ್ಥಳೀಯ ಪೆಟ್ಟಿಗೆಯಲ್ಲೇ ಇರಲಿ. ನೆಟ್‌ವರ್ಕ್ ಬಿದ್ದಿದೆ ಅನ್ನುವ ಸುದ್ದಿಯನ್ನು ಅದೇ ನೆಟ್‌ವರ್ಕ್ ಮೂಲಕ ಕಳಿಸುವುದು ತಮಾಷೆಯಾಗುತ್ತದೆ.

ಕರ್ಸರ್‌ಮಿಂಚು

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದೂ ಪೋಸ್ಟ್‌ಫಿಕ್ಸ್, ಜೊತೆಗೆ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಡವ್‌ಕಾಟ್. ಪರ್ಮಿಷನ್ ಎಲ್ಲ ಸರಿ ಇದೆ. ಆದರೂ ಡಾಟ್ ಫಾರ್ವರ್ಡ್ ಇರುವುದೇ ಗೊತ್ತಿಲ್ಲದ ಹಾಗೆ ಮೇಲ್ ನೇರವಾಗಿ ಪೆಟ್ಟಿಗೆಗೆ ಬೀಳುತ್ತಿದೆ. ಅಲಿಯಾಸಸ್ ಕೂಡ ಅಷ್ಟೇ. ಡೊಮೇನ್ ಅನ್ನು ವರ್ಚುವಲ್ (ಪೆಟ್ಟಿಗೆಗೆ ಯುನಿಕ್ಸ್ ಅಕೌಂಟ್ ಬೇಕಿಲ್ಲದ ಬಗೆ) ಅಂತ ಸೆಟ್ ಮಾಡಿದ್ದಾರೆ.

ಅಂಚೆಹೊರೆ

ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ಅಲಿಯಾಸಸ್ ಫೈಲ್, ಡಾಟ್ ಫಾರ್ವರ್ಡ್ ಎರಡನ್ನೂ ಓದುವುದು ಪೋಸ್ಟ್‌ಫಿಕ್ಸ್‌ನ ಲೋಕಲ್ ಅನ್ನುವ ಭಾಗ. ಮೈಡೆಸ್ಟಿನೇಷನ್ ಸೆಟ್ಟಿಂಗ್‌ನಲ್ಲಿರುವ ಡೊಮೇನ್‌ಗಳ ಮೇಲ್ ಸಾಮಾನ್ಯವಾಗಿ ಅದರ ಕೈಗೆ ಹೋಗುತ್ತದೆ. ವರ್ಚುವಲ್ ಪೆಟ್ಟಿಗೆಯ ಡೊಮೇನ್ ಆದರೆ ಮೇಲ್ ಎಲ್‌ಎಂಟಿಪಿ (ಪೆಟ್ಟಿಗೆ ನೋಡಿಕೊಳ್ಳುವ ಪ್ರೋಗ್ರಾಂಗೆ ಮೇಲ್ ಒಪ್ಪಿಸುವ ವಿಧಾನ) ಮೂಲಕ ನೇರ ಡವ್‌ಕಾಟ್‌ಗೆ ಹೋಗುತ್ತದೆ. ಲೋಕಲ್‌ಗೆ ಅದರ ಸುಳಿವೇ ಇಲ್ಲ.

ಎರಡು ದಾರಿ ಇವೆ. ಬಳಕೆದಾರರೆಲ್ಲ ನಿಜವಾದ ಯುನಿಕ್ಸ್ ಅಕೌಂಟ್ ಆಗಿದ್ದರೆ ಡೊಮೇನ್ ಅನ್ನು ಮೈಡೆಸ್ಟಿನೇಷನ್‌ಗೆ ತನ್ನಿ, ವರ್ಚುವಲ್ ಪಟ್ಟಿಯಿಂದ ತೆಗೆಯಿರಿ. ಎರಡೂ ಕಡೆ ಇರಬಾರದು. ಆಮೇಲೆ ಮೇಲ್‌ಬಾಕ್ಸ್ ಟ್ರಾನ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿ ಡವ್‌ಕಾಟ್‌ನ ಎಲ್‌ಎಂಟಿಪಿ ಕೊಡಿ. ಲೋಕಲ್ ಮೊದಲು ಅಲಿಯಾಸಸ್ ನೋಡುತ್ತದೆ, ನಂತರ ಡಾಟ್ ಫಾರ್ವರ್ಡ್, ಆಮೇಲೆಯೇ ಈ ಟ್ರಾನ್ಸ್‌ಪೋರ್ಟ್. ಎಲ್ಲವೂ ಕೆಲಸ ಮಾಡುತ್ತದೆ.

ಬರೀ ಮೇಲ್ ಪೆಟ್ಟಿಗೆ, ಶೆಲ್ ಇಲ್ಲ ಅಂದರೆ ವರ್ಚುವಲ್ ಆಗಿಯೇ ಬಿಡಿ. ಅಡ್ಮಿನ್ ಕೆಲಸಕ್ಕೆ ವರ್ಚುವಲ್ ಅಲಿಯಾಸ್ ಟೇಬಲ್ ಬಳಸಿ. ಅಲ್ಲಿ ಎಡಗಡೆ ಡೊಮೇನ್ ಸಮೇತ ಪೂರ್ತಿ ವಿಳಾಸ ಬರೆಯಬಹುದು, ಕೋಲನ್ ಬೇಡ, ಇಂಡೆಕ್ಸ್ ಮಾಡುವ ಕಮಾಂಡ್ ಪೋಸ್ಟ್‌ಮ್ಯಾಪ್. ಪ್ರೋಗ್ರಾಂ, ಫೈಲ್‌ಗೆ ಕಳಿಸಲು ಆಗುವುದಿಲ್ಲ, ಅದು ಒಳ್ಳೆಯದೇ. ಬಳಕೆದಾರರ ಸ್ವಂತ ಫಾರ್ವರ್ಡ್‌ಗೆ ಡವ್‌ಕಾಟ್‌ನ ಸೀವ್ (ಮೇಲ್ ವಿಂಗಡಿಸುವ ನಿಯಮ ಬರೆಯುವ) ಭಾಷೆಯ ರಿಡೈರೆಕ್ಟ್ ಇದೆ, ಕಾಪಿ ಅಂತ ಸೇರಿಸಿದರೆ ಇಲ್ಲಿಯೂ ಪ್ರತಿ ಉಳಿಯುತ್ತದೆ. ಒಂದು ಸ್ಕ್ರಿಪ್ಟ್‌ನಲ್ಲಿ ಎಷ್ಟು ರಿಡೈರೆಕ್ಟ್ ಅನ್ನುವುದಕ್ಕೂ ಮಿತಿ ಇದೆ, ತಾನಾಗಿ ಇರುವುದು 4.

ಬೆಳ್ಳಿಕೊಂಡಿ

ಡಾಟ್ ಫಾರ್ವರ್ಡ್‌ಗೆ ಇನ್ನೊಂದು ಕಾಟ: ಎನ್‌ಕ್ರಿಪ್ಟ್ ಆದ ಹೋಮ್ ಡೈರೆಕ್ಟರಿ. ಬಳಕೆದಾರರು ಲಾಗಿನ್ ಆಗಿರುವಾಗ ಮಾತ್ರ ಅದು ತೆರೆದಿರುತ್ತದೆ. ಲಾಗೌಟ್ ಆದರೆ ಫೈಲ್ ಮಾಯ, ಮೇಲ್ ಸ್ಥಳೀಯ ಪೆಟ್ಟಿಗೆಗೆ. "ಕೆಲವೊಮ್ಮೆ ಫಾರ್ವರ್ಡ್ ಆಗುತ್ತೆ, ಕೆಲವೊಮ್ಮೆ ಇಲ್ಲ" ಅಂತ ದೂರು ಬಂದರೆ ಇದನ್ನೂ ನೋಡಿ. ಪೋಸ್ಟ್‌ಫಿಕ್ಸ್‌ನ ಫಾರ್ವರ್ಡ್ ಪಾತ್ ಸೆಟ್ಟಿಂಗ್ ಬದಲಿಸಿ, ಹೋಮ್‌ನಿಂದ ಹೊರಗಿನ ಒಂದು ಡೈರೆಕ್ಟರಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಫೈಲ್ ಇಡಬಹುದು.

ನೀಲಿಪರದೆ

ಎರಡು ಪ್ರಶ್ನೆ ಉಳಿದಿವೆ. ಒಂದು, ಲೂಪ್. ಗುಬ್ಬಿ ಇಲ್ಲಿಂದ ಹೊರಗಿನ ವಿಳಾಸಕ್ಕೆ ಕಳಿಸುತ್ತಾರೆ, ಆ ಹೊರಗಿನ ಪೆಟ್ಟಿಗೆ ಮತ್ತೆ ಇಲ್ಲಿಗೇ ಫಾರ್ವರ್ಡ್ ಮಾಡಿದರೆ? ಸರ್ವರ್ ಮುಳುಗುತ್ತದಾ? ಎರಡು, ಬಿಟ್ಟುಹೋದವರ ಮೇಲ್.

ಹಳೇಟರ್ಮಿನಲ್

ಲೂಪ್‌ಗೆ ಹೆದರಬೇಡಿ. ಲೋಕಲ್ ಭಾಗ ಮೇಲ್‌ಗೆ ಡೆಲಿವರ್ಡ್ ಟು ಅನ್ನುವ ಹೆಡರ್ ಹಾಕುತ್ತದೆ. ಅದೇ ವಿಳಾಸದ ಗುರುತು ಇರುವ ಮೇಲ್ ಮತ್ತೆ ಬಂದರೆ, ಇದು ಲೂಪ್ ಅಂತ ವಾಪಸ್ ಕಳಿಸುತ್ತದೆ. ಅದನ್ನು ಯಾರಾದರೂ ಅಳಿಸಿದ್ದರೂ ಎರಡನೇ ಬೇಲಿ ಇದೆ. ದಾರಿಯ ಪ್ರತಿ ಸರ್ವರ್ ಒಂದೊಂದು ರಿಸೀವ್ಡ್ ಸಾಲು ಸೇರಿಸುತ್ತದೆ, ಅವು ಮಿತಿ ಮೀರಿದರೆ ಮೇಲ್ ಬೌನ್ಸ್. ತಾನಾಗಿ ಇರುವ ಮಿತಿ ಪೋಸ್ಟ್‌ಫಿಕ್ಸ್‌ನಲ್ಲಿ 50, ಎಕ್ಸಿಮ್‌ನಲ್ಲಿ 30, ಸೆಂಡ್‌ಮೇಲ್‌ನಲ್ಲಿ 25. ನಿಜವಾದ ಅಪಾಯ ಫಾರ್ವರ್ಡ್ ಅಲ್ಲ, ಎರಡು ಸ್ವಯಂ ಉತ್ತರಗಳು ಎದುರುಬದುರಾಗುವುದು. ಪ್ರತಿ ಉತ್ತರವೂ ಹೊಸ ಮೇಲ್, ಅದರ ಲೆಕ್ಕ ಮತ್ತೆ ಸೊನ್ನೆಯಿಂದ. ಮೂರನೇಸಾಲು ಅವರು ಸ್ವಂತ ಸ್ಕ್ರಿಪ್ಟ್ ಬೇಡ ಅಂದದ್ದು ಇದಕ್ಕೂ ಅನ್ವಯಿಸುತ್ತದೆ.

ಬಿಟ್ಟುಹೋದವರ ವಿಷಯ ತಾಂತ್ರಿಕಕ್ಕಿಂತ ಸೂಕ್ಷ್ಮ. ಅಕೌಂಟ್ ಲಾಕ್ ಮಾಡಿದರೆ ಲಾಗಿನ್ ಮಾತ್ರ ನಿಲ್ಲುತ್ತದೆ, ಮೇಲ್ ಬರುತ್ತಲೇ ಇರುತ್ತದೆ. ಅವರ ಮೇಲನ್ನು ಬದಲಿಗೆ ಬಂದವರಿಗೆ ಅಲಿಯಾಸ್ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನಾನು ಮಾಡುವುದಿಲ್ಲ. ಅವರ ಆಸ್ಪತ್ರೆಯ ವರದಿ, ಬ್ಯಾಂಕಿನ ಪತ್ರ, ಪಾಸ್‌ವರ್ಡ್ ರೀಸೆಟ್ ಲಿಂಕ್ ಎಲ್ಲವೂ ಇನ್ನೊಬ್ಬರ ಕೈಗೆ ಹೋಗುತ್ತವೆ. ಪೋಸ್ಟ್‌ಫಿಕ್ಸ್‌ನಲ್ಲಿ ರಿಲೊಕೇಟೆಡ್ ಅನ್ನುವ ಟೇಬಲ್ ಇದೆ. ಅದರಲ್ಲಿ ಅವರ ಹೆಸರು, ಅವರೇ ಒಪ್ಪಿ ಕೊಟ್ಟ ಹೊಸ ವಿಳಾಸ ಬರೆದರೆ, ಮೇಲ್ ಕಳಿಸಿದವರಿಗೆ "ಇವರು ಈ ವಿಳಾಸಕ್ಕೆ ಹೋಗಿದ್ದಾರೆ" ಅನ್ನುವ ಸಂದೇಶದೊಂದಿಗೆ ವಾಪಸ್ ಹೋಗುತ್ತದೆ. ವಿಳಾಸದ ಜಾಗದಲ್ಲಿ "ಹೆಲ್ಪ್ ವಿಳಾಸಕ್ಕೆ ಬರೆಯಿರಿ" ಅನ್ನುವ ಮಾತನ್ನೂ ಹಾಕಬಹುದು.

ಅಕೌಂಟ್ ಅಳಿಸುವ ಮುಂಚೆ ಅಲಿಯಾಸಸ್ ಫೈಲ್‌ನಲ್ಲಿ ಆ ಹೆಸರು ಹುಡುಕಿ. ಹೆಲ್ಪ್ ಪಟ್ಟಿಯಲ್ಲಿ ಸತ್ತ ಹೆಸರೊಂದು ಉಳಿದರೆ, ಹೆಲ್ಪ್‌ಗೆ ಬರೆದ ಪ್ರತಿಯೊಬ್ಬರಿಗೂ ಒಂದು ಬೌನ್ಸ್ ಹೋಗುತ್ತದೆ. ಇದಕ್ಕೆ ಮುಂಜಾಗ್ರತೆಯಾಗಿ ಓನರ್ ಹೈಫನ್ ಹೆಲ್ಪ್ ಅಂತ ಇನ್ನೊಂದು ಅಲಿಯಾಸ್ ಮಾಡಿ ನಿಮ್ಮ ಹೆಸರು ಕೊಡಿ. ಓನರ್ ಇರುವ ಅಲಿಯಾಸ್‌ನ ಮೇಲ್ ಹಂಚುವಾಗ ಲಕೋಟೆಯ ಕಳುಹಿಸಿದವರ ವಿಳಾಸ ಆ ಓನರ್‌ದ್ದಾಗುತ್ತದೆ. ಬೌನ್ಸ್ ನಿಮಗೆ ಬರುತ್ತದೆ, ಊರಿಗೆಲ್ಲ ಅಲ್ಲ.

ನೀಲಿಪರದೆ

ಓನರ್ ಅಲಿಯಾಸ್ ಹಾಕಿದೆ. ರಿಲೊಕೇಟೆಡ್ ಟೇಬಲ್‌ನಲ್ಲಿ ಇಬ್ಬರನ್ನೂ ಸೇರಿಸಿದೆ, ಒಬ್ಬರು ಹೊಸ ವಿಳಾಸ ಕೊಟ್ಟರು, ಇನ್ನೊಬ್ಬರು ಬೇಡ ಅಂದರು. ಹೊರಗಿನ ಫಾರ್ವರ್ಡ್ ಇದ್ದವರಲ್ಲಿ ನಾಲ್ಕು ಜನ ಐಮ್ಯಾಪ್‌ಗೆ ಒಪ್ಪಿದರು. ಉಳಿದವರಿಗೆ ಪೋಸ್ಟ್‌ಎಸ್‌ಆರ್‌ಎಸ್‌ಡಿ ಹಾಕುತ್ತಿದ್ದೇನೆ.

ಪ್ರತಿ ಸಲ ನಿಜವಾದ ಮೇಲ್ ಕಳಿಸಿ ನೋಡುವ ಬದಲು, ಯಾವ ವಿಳಾಸ ಎಲ್ಲಿಗೆ ಹೋಗುತ್ತದೆ ಅಂತ ಪರೀಕ್ಷಿಸಲು ಸುಲಭದ ದಾರಿ ಇದೆಯಾ?

ಅಂಕುಡೊಂಕು

ಎಕ್ಸಿಮ್ ಇದ್ದಿದ್ದರೆ ಹೈಫನ್ ಬಿಟಿ ಕೊಟ್ಟು ಒಂದೇ ಸಾಲಿನಲ್ಲಿ ಪೂರ್ತಿ ದಾರಿ ನೋಡಬಹುದಿತ್ತು. ಸುಮ್ನೆ ಹೇಳಿದೆ :)

ಅಂಚೆಹೊರೆ

ಪೋಸ್ಟ್‌ಫಿಕ್ಸ್‌ನಲ್ಲೂ ಇದೆ. ಇಂಡೆಕ್ಸ್‌ನಲ್ಲಿ ಏನಿದೆ ಅಂತ ನೋಡಲು ಪೋಸ್ಟ್‌ಅಲಿಯಾಸ್ ಕಮಾಂಡ್‌ಗೆ ಹೈಫನ್ ಕ್ಯೂ, ಅಲಿಯಾಸ್ ಹೆಸರು, ಫೈಲ್ ಹೆಸರು ಕೊಡಿ. ಫೈಲ್‌ನಲ್ಲಿ ಒಂದು, ಇಂಡೆಕ್ಸ್‌ನಲ್ಲಿ ಇನ್ನೊಂದು ಇದ್ದರೆ ತಕ್ಷಣ ಗೊತ್ತಾಗುತ್ತದೆ. ಸೆಂಡ್‌ಮೇಲ್ ಕಮಾಂಡ್‌ಗೆ ಹೈಫನ್ ಬಿವಿ ಕೊಟ್ಟು ವಿಳಾಸ ಬರೆದರೆ ಮೇಲ್ ತಲುಪಿಸುವುದಿಲ್ಲ, ವಿಳಾಸ ಪರೀಕ್ಷಿಸಿ ವರದಿಯನ್ನು ನಿಮಗೆ ಮೇಲ್ ಮಾಡುತ್ತದೆ. ಪೋಸ್ಟ್‌ಫಿಕ್ಸ್ ಇದ್ದರೂ ಕಮಾಂಡ್ ಹೆಸರು ಸೆಂಡ್‌ಮೇಲ್ ಅಂತಲೇ. ವೀಟ್ಸೆ ವೆನೆಮಾ 1998ರಲ್ಲಿ ಪೋಸ್ಟ್‌ಫಿಕ್ಸ್ ಹೊರತಂದಾಗ ಹಳೆಯ ಪ್ರೋಗ್ರಾಂಗಳು ಒಡೆಯಬಾರದು ಅಂತ ಸೆಂಡ್‌ಮೇಲ್‌ನ ಕಮಾಂಡ್‌ಗಳನ್ನು ಉಳಿಸಿಕೊಂಡರು. ನ್ಯೂಅಲಿಯಾಸಸ್ ಕೂಡ ಹಾಗೆ ಬಂದದ್ದೇ.

ಆಗಿಹೋದ ಮೇಲ್ ಬಗ್ಗೆ ದೂರು ಬಂದಾಗ ಲಾಗ್ ನೋಡಿ. ಅಲಿಯಾಸ್ ಮೂಲಕ ಹೋದ ಮೇಲ್‌ನ ಸಾಲಿನಲ್ಲಿ ಟು ಮುಂದೆ ಕೊನೆಗೆ ತಲುಪಿದ ವಿಳಾಸ, ಒರಿಜ್ ಅಂಡರ್‌ಸ್ಕೋರ್ ಟು ಮುಂದೆ ಕಳಿಸಿದವರು ಬರೆದ ಮೂಲ ವಿಳಾಸ ಇರುತ್ತದೆ. ಹೊರಗೆ ಫಾರ್ವರ್ಡ್ ಆಗಿದ್ದರೆ ಅಲ್ಲಿ ಹೊಸ ಕ್ಯೂ ಐಡಿ (ಲಾಗ್‌ನಲ್ಲಿ ಆ ಮೇಲ್‌ನ ಗುರುತು) ಹುಟ್ಟುತ್ತದೆ, ಹಳೆಯ ಐಡಿ ಹಿಡಿದು ಹುಡುಕಿದರೆ ಅರ್ಧಕ್ಕೇ ನಿಲ್ಲುತ್ತೀರಿ. "ಫಾರ್ವರ್ಡೆಡ್ ಆ್ಯಸ್" ಅನ್ನುವ ಮಾತಿನ ಪಕ್ಕದಲ್ಲಿ ಹೊಸದು ಇರುತ್ತದೆ, ಅದನ್ನು ಹಿಡಿದು ಮುಂದೆ ಹೋಗಿ.